ಖಾಲಿ ಬಿಟ್ಟ ಜಾಗ

ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. ಇಳಕಲ್ಲಿನಲ್ಲಿ ಬ್ಯಾನರ್ ಮಾಡಿ ಬದುಕುವವನ ರೋಗ ಇದು. ಹುಟ್ಟುಹಬ್ಬದ ಬ್ಯಾನರಿನಲ್ಲಿ ಅಂಗೈಯಷ್ಟು ಜಾಗ ಉಳಿದರೂ ಸಾಕು, ನಮ್ಮ ಓಣಿಯ ಬಸಣ್ಣ ಕಾಕಾ ಅಲ್ಲಿಗೆ ಬೆರಳಿಟ್ಟು, "ಇಲ್ಲಿ ನಮ್ಮ ಅಳಿಯನ್ನ ಕೂಡಸೋ" ಎನ್ನುತ್ತಾರೆ. ಕೂಡಿಸುತ್ತೇನೆ. ಪಟ್ಟದಕಲ್ಲಿನ ಶಿಲ್ಪಿಗಳೂ ಕಂಬ ಕಂಡಲ್ಲೆಲ್ಲ ಕೆತ್ತಿದವರೇ ಅಲ್ಲವೇ, ನಾನು ಅವರ ವಂಶದವನಿರಬೇಕು ಎಂದುಕೊಳ್ಳುತ್ತೇನೆ. ಅವರ ಕಲ್ಲು ಉಳಿಯಿತು. ನನ್ನ ಬ್ಯಾನರು ಮರುವಾರ ಯಾರದೋ ಮೇವಿನ ಬಣವೆಗೆ ತಾಡಪತ್ರಿಯಾಗುತ್ತದೆ.

ಇಂಥವನಿಗೆ ಬಾಗಲಕೋಟೆಯಿಂದ ತಂಗಿ ಗಿರಿಜಾ ಫೋನು ಮಾಡಿದಳು. ಅವಳು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ. ತೀರಿಹೋದ ನಮ್ಮ ಅವ್ವನ ಮೇಲೆ, ಒಂದೊಂದೇ ಚಿತ್ರ ಬರೆದು, ಪುಟ್ಟ ಅನಿಮೇಷನ್ ಸಿನಿಮಾ ಮಾಡಿದ್ದಳು.

"ಅಣ್ಣಾ, ಅದರ ಪೋಸ್ಟರ್ ನೀನ ಮಾಡು. ಆದ್ರ ಭಾಳ ತುಂಬಬ್ಯಾಡ."

ನಾನು ತುಂಬಿದೆ. ಅವ್ವನ ನಗುಮುಖ, ಮಗ್ಗ, ಅವಳು ಕೈಮುಗಿಯುತ್ತಿದ್ದ ಬನಶಂಕರಿಯ ಹೊಂಡ, ಹಲ್ಲು ಹೋದ ಮೇಲೂ ಬಿಡದ ಅಮೀನಗಡದ ಕರದಂಟು, ಮೇಲೆ ಮೋಡ. ಫೋನಿಗೆ ಕಳಿಸಿದ್ದನ್ನು ನೋಡಿದ ಗಿರಿಜಾ, "ಇದು ಶ್ರದ್ಧಾಂಜಲಿ ಬ್ಯಾನರ್ ಆಗೇತಿ ಅಣ್ಣಾ" ಎಂದಳು. ಅವಳು ಹೇಳಿದ್ದು ಖರೆ. ಅವ್ವ ಹೋದಾಗ ನಾನೇ ಮಾಡಿದ್ದ ಬ್ಯಾನರಿನ ಮೋಡಗಳೇ ಅವು.

ಅಳಿಸತೊಡಗಿದೆ. ಕರದಂಟು ಹೋಯಿತು, ಹೊಂಡ ಹೋಯಿತು, ಮಗ್ಗ ಹೋಯಿತು. ಅವ್ವನೂ ಕೊನೆಕೊನೆಗೆ ಹೀಗೇ ಕಡಿಮೆಯಾಗುತ್ತ ಹೋಗಿದ್ದಳು. ಮೊದಲು ನಡಿಗೆ ನಿಂತಿತು, ಆಮೇಲೆ ಊಟ, ಆಮೇಲೆ ನಮ್ಮನ್ನು ಬೈಯುವುದು. ಈಗ ಪರದೆಯ ಮೇಲೆ ಮುಖವೊಂದೇ ಉಳಿದಿತ್ತು. ಅಳಿಸಲು ಬೆರಳು ಏಳಲಿಲ್ಲ. ಒಮ್ಮೆ ಮಣ್ಣು ಕೊಟ್ಟು ಬಂದ ಮುಖ ಅದು, ಮತ್ತೊಮ್ಮೆ ಕಳೆದುಕೊಳ್ಳುವುದು ನನ್ನಿಂದಾಗದು ಅನಿಸಿತು. ಅಂಗಡಿಯಲ್ಲಿ ಒಬ್ಬನೇ ಕುಳಿತು ಅತ್ತೆ.

ಅವ್ವನ ಕೆಲಸ ಕೊಂಡಿ ಹಾಕುವುದು. ನಮ್ಮೂರ ಸೀರೆಯಲ್ಲಿ ಒಡಲಿನ ಎಳೆಗಳು ಬೇರೆ, ಕೆಂಪು ಸೆರಗಿನ ಎಳೆಗಳು ಬೇರೆ. ಎರಡನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿದರೇನೇ ಸೀರೆ. ಅವ್ವ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಎಳೆ ಸೇರಿಸುತ್ತಿದ್ದಳು. ನಡುವೆ ಯಾರು ಕರೆದರೂ, "ತಡೀರಿ, ಕೊಂಡಿ ಬಿಟ್ಟು ಹೆಂಗ ಏಳ್ಲಿ?" ಎನ್ನುತ್ತಿದ್ದಳು. ಒಂದು ದಿನ ಹಾಗೇ ಬಿಟ್ಟು ಎದ್ದಳು, ಮತ್ತೆ ಕೂಡಲಿಲ್ಲ.

ಕೊನೆಗೆ ಮುಖ ಅಳಿಸಿದೆ. ಕೆಳಗೊಂದು ಚೂರು ಕೆಂಪು ಸೆರಗು ಬರೆದೆ, ಅದರ ತುದಿಗೆ ಬಾಯ್ತೆರೆದ ಕುಣಿಕೆಗಳು. ಅದರಾಚೆ ಬರೀ ಬಿಳಿ. ಗಿರಿಜಾ, "ಇದ ಇರ್ಲಿ" ಎಂದು ಫೋನು ಇಟ್ಟಳು.

ಮರುದಿನ ಬಸಣ್ಣ ಕಾಕಾ ಅಂಗಡಿಗೆ ಬಂದರು. ಚಿತ್ರ ಇನ್ನೂ ಪರದೆಯ ಮೇಲೇ ಇತ್ತು. ರೂಢಿಯಂತೆ ಬಿಳಿ ಜಾಗಕ್ಕೆ ಬೆರಳಿಟ್ಟರು.

"ಇದೇನಲೇ, ಇಷ್ಟು ಜಾಗ ಖಾಲಿ ಬಿಟ್ಟೀದಿ?"

"ಖಾಲಿ ಇಲ್ರಿ ಕಾಕಾ. ಅಲ್ಲಿ ಅವ್ವ ಕುಂತಾಳ."

ಕಾಕಾ ಮೆಲ್ಲಗೆ ಬೆರಳು ತೆಗೆದರು. ಅಳಿಯನ ಮಾತು ಎತ್ತಲಿಲ್ಲ.