ಬಿಸಿಲಿಗಿಟ್ಟ ಬಾಟಲಿಗಳು

ಮೂಡಲಪಾಳ್ಯದ ಮುನಿತಾಯಮ್ಮನ ಗಂಡನನ್ನು ನುಂಗಿದ್ದು ಕಳ್ಳಭಟ್ಟಿ ಸೆರೆ. ಅವನು ಹೋದ ಮೇಲೆ ಸೊಪ್ಪು ಮಾರಿ, ಎಮ್ಮೆ ಕಟ್ಟಿ, ಮನೆಯ ಪಕ್ಕ ಒಂದು ಹೆಂಚಿನ ಕೋಣೆ ಎಬ್ಬಿಸಿದಳು. ಬಾಡಿಗೆಗೆ ಯಾರೇ ಬರಲಿ, ಮೊದಲು ಅವರ ಬಾಯಿಯ ವಾಸನೆ ನೋಡುವಳು. ಸೆರೆ ಮತ್ತೆ ತನ್ನ ಹೊಸಿಲು ದಾಟಬಾರದು, ಅದೊಂದೇ ಅವಳ ಹಟ.

ಎಪ್ಪತ್ತೈದನೇ ಇಸವಿಯಲ್ಲಿ ಆ ಕೋಣೆಗೆ ಕಾಲೇಜು ಮೇಷ್ಟ್ರು ಜಗನ್ನಾಥ ಬಂದ. ಎಲೆಅಡಿಕೆಯನ್ನೂ ಮುಟ್ಟದವನು. ಆದರೆ ಬಂದ ವಾರದಲ್ಲೇ ಕಿಟಕಿಗೆ ಕರಿ ಕಂಬಳಿ ಹೊಡೆದ. ಕರಿ ಕಾಗದ ಸುತ್ತಿದ ಬಾಟಲಿಗಳನ್ನು ಮಂಚದ ಕೆಳಗೆ ಸಾಲಾಗಿ ಇಟ್ಟ.

"ಏನು ಮೇಷ್ಟ್ರೇ ಅದು?"

"ಒಂದು ಪ್ರಯೋಗಕ್ಕೆ ಕಣಮ್ಮ. ಬೆಳಕು ಬೀಳಬಾರ್ದು."

ಅವಳು ಬಗ್ಗಿ ಮಂಚದ ಕೆಳಗೆ ಇಣುಕಿದಳು. ಬೆಲ್ಲದ ನೀರು ಹುಳಿ ಬರಲೆಂದು ಗಂಡನೂ ಮಡಕೆಗಳನ್ನು ಹೀಗೇ ಕತ್ತಲೆಯಲ್ಲಿ ಮುಚ್ಚಿಡುತ್ತಿದ್ದ.

ಮೇಷ್ಟ್ರು ಕಾಲೇಜಿಗೆ ಹೋದದ್ದೇ ತಡ, ತನ್ನಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದಳು. ಕಾಗದ ಸುಲಿದು, ಹಸುರು ನೀರು ತುಂಬಿದ್ದ ಬಾಟಲಿಗಳನ್ನೆಲ್ಲ ಜಗಲಿಯ ಬಿಸಿಲಿನಲ್ಲಿ ನಿಲ್ಲಿಸಿದಳು. ಸಾಕ್ಷಿಗೆ ಪಕ್ಕದ ಮನೆ ಚಿಕ್ಕಹನುಮಯ್ಯನನ್ನು ಕರೆದಳು.

"ಹಸುರು ಸೆರೆ ನಾನೂ ಕುಡಿದಿಲ್ಲ ಕಣಮ್ಮಿ," ಎಂದ ಅವನು.

"ನೀನು ಕುಡೀದೇ ಇರೋದೂ ಒಂದಿದೆಯಾ?"

ಒಂದು ಚಮಚ ಕೆಂಡದ ಮೇಲೆ ಸುರಿದಳು. ಸೆರೆಯಾಗಿದ್ದರೆ ನೀಲಿಯಾಗಿ ಉರಿಯಬೇಕು. ಇದು ಚುಂಯ್ ಎಂದಿತು, ಅಷ್ಟೇ. ಇನ್ನೂ ಭಟ್ಟಿ ಇಳಿಸಿಲ್ಲ ಅಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹಸುರು ಕಳೆದು ಹುಳಿ ಬಂದ ಬೆಲ್ಲದ ನೀರಿನಂತೆ ತಳದಲ್ಲಿ ಹಳದಿ ಮಡ್ಡಿ ಕೂತಾಗಲಂತೂ ಅನುಮಾನ ಗಟ್ಟಿಯಾಯಿತು.

ಸಂಜೆ ಬಂದ ಜಗನ್ನಾಥ ಜಗಲಿಯ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಒಂದನ್ನೂ ಬಿಡ್ಲಿಲ್ವಾ ಅಮ್ಮ?"

"ಮೊದ್ಲು ಇದೇನು ಅಂತ ಹೇಳಿ."

"ಕಬ್ಬಿಣ ಬೆರೆತ ನೀರು. ಇದನ್ನ ಅಯಸ್ಕಾಂತ ಸ್ವಲ್ಪ ಎಳೆಯುತ್ತೆ. ಬೆಳಕು ಬಿದ್ರೆ ಆ ಎಳೆತ ಕಮ್ಮಿಯಾಗುತ್ತೆ. ಎಷ್ಟು ಬೆಳಕಿಗೆ ಎಷ್ಟು ಕಮ್ಮಿ ಅಂತ ಅಳೀಬೇಕಿತ್ತು. ನೀವು ಎಲ್ಲಕ್ಕೂ ಒಟ್ಟಿಗೇ ಬಿಸಿಲು ತೋರಿಸಿಬಿಟ್ರಿ."

"ಬಿಸಿಲಿಗೂ ಅಯಸ್ಕಾಂತಕ್ಕೂ ಏನು ನೆಂಟಸ್ತನ? ಯಾರ ಕಿವಿಗೆ ಹೂ ಇಡ್ತೀರಿ?"

"ಕಾಲೇಜಿಗೆ ಬನ್ನಿ, ದೊಡ್ಡ ಅಯಸ್ಕಾಂತ ಇದೆ, ತೋರಿಸ್ತೀನಿ."

"ಅಲ್ಲಿ ನೀವು ಏನು ತೋರಿಸಿದ್ರೂ ನಾನು ಹೂಂ ಅನ್ಬೇಕು. ಆ ನೀರನ್ನ ಇಲ್ಲೇ ಮಾಡಿ, ನನ್ನ ಕಣ್ಣೆದುರಿಗೆ. ಇಲ್ಲಾಂದ್ರೆ ಗಂಟು ಕಟ್ಟಿ."

ಭಾನುವಾರ ಮಧ್ಯಾಹ್ನ ಬಾಗಿಲು ಮುಚ್ಚಿ, ನೀರನ್ನು ಕೆಡಿಸದ ಬೆಳಕಿಗೆಂದು ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಅವನು ಕೆಲಸಕ್ಕೆ ಕೂತ. ಮುನಿತಾಯಮ್ಮ ಎದುರಿಗೇ ಮಣೆ ಹಾಕಿಕೊಂಡಳು. ಪುಡಿಯ ಪ್ರತಿ ಪೊಟ್ಟಣವೂ ಅವಳ ಮೂಗಿನ ಕೆಳಗೆ ಹಾದೇ ನೀರಿದ್ದ ಗಾಜಿನ ಲೋಟಕ್ಕೆ ಬಿತ್ತು. ಅವನು ಕಲಕಿದ, ಸೋಸಿದ, ಬಾಟಲಿಗೆ ತುಂಬಲು ಹೊರಟ.

"ತಡೀರಿ. ಬೆಲ್ಲ ಯಾವಾಗ ಹಾಕ್ತೀರಿ?"

"ಬೆಲ್ಲವಾ? ಇದಕ್ಯಾಕಮ್ಮ ಬೆಲ್ಲ?"

ಆ ಮಬ್ಬಿನಲ್ಲಿ ಅವನ ಮುಖ ಸರಿಯಾಗಿ ಕಾಣಲಿಲ್ಲ. ದನಿಯನ್ನೇ ಅಳೆದು ನೋಡಿದಳು. ಬೆಲ್ಲದ ಹೆಸರೆತ್ತಿದರೆ ಅವಳ ಗಂಡ ಮಾತು ತೇಲಿಸುತ್ತಿದ್ದ. ಇವನು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ.

"ಬೆಲ್ಲ ಬೇಡಾಂದ್ರೆ ಈ ಕೋಣೇಲೇ ಇರಿ ಮೇಷ್ಟ್ರೇ," ಎಂದಳು. "ಬಿರಡೆ ಮಾತ್ರ ನಾನೇ ಹಾಕ್ತೀನಿ, ಇತ್ಲಾಗೆ ಕೊಡಿ."

ಒಂದೊಂದನ್ನೂ ಇನ್ನೊಮ್ಮೆ ಮೂಸಿಯೇ ಬಿಗಿದಳು.