ಮುಂದಿನ ತಿಂಗಳು ಹೊರಡ್ತಾರೆ

ಪರದೇಶದಿಂದ ಬಂದವರನ್ನು ಕಂಡರೆ ಭದ್ರಾವತಿಯ ನಮ್ಮ ಬೀದಿಯ ಜನ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. “ಯಾವಾಗ ಬಂದ್ರಿ? ಯಾವಾಗ ಹೊರಡೋದು?” ಬಂದವರು ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಹೊರಡುವ ತಾರೀಕು ಬೇಕು ಇವರಿಗೆ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಹೊರಡುವುದರೊಳಗೆ ಒಂದು ಹೊತ್ತು ಊಟಕ್ಕೆ ಕರೆಯಬೇಕು, ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡಬೇಕು, ಡಬ್ಬಿಗೆ ಚಟ್ನಿಪುಡಿ ತುಂಬಿಸಬೇಕು. ನಮಗೋ, ಹೊರಡುವ ದಿನವೇ ಇರಲಿಲ್ಲ.

ಎರಡು ಸಾವಿರನೇ ಇಸವಿ ಕಳೆದ ಹೊಸತು. ನಮ್ಮನೆಯವರು ಭದ್ರಾವತಿಯಲ್ಲಿ ಎರಕದ ಕೆಲಸ ಕಲಿತು ಮೆಲ್ಬರ್ನ್ ಹತ್ತಿರದ ಒಂದು ಫೌಂಡ್ರಿಗೆ ಹೋದವರು. ಮದುವೆಯಾಗಿ ನಾನೂ ಹೋದೆ, ಮಗಳು ಅಲ್ಲೇ ಹುಟ್ಟಿದಳು. ಅವಳಿಗೆ ಏಳು ವರ್ಷವಾದಾಗ ಆ ಫೌಂಡ್ರಿ ಮುಚ್ಚಿತು. ನಮ್ಮ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿದ್ದದ್ದು. ಬೇರೆ ಕೆಲಸ ಸಿಗುವುದರೊಳಗೆ ಗಡುವು ಮುಗಿಯಿತು, ಹೊರಡಿ ಎಂದರು, ಹೊರಟೆವು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಇವತ್ತಿಗೂ ಗೊತ್ತಾಗಿಲ್ಲ. ಹಾಗಾಗಿ ಎಲ್ಲರ ಮೇಲೂ ಮಾಡುತ್ತೇನೆ.

ಬಂದ ಮೊದಲ ವಾರವೇ ಪಕ್ಕದ ಮನೆಯವರು ಕೇಳಿದ್ದಕ್ಕೆ ನಮ್ಮತ್ತೆ ನನಗಿಂತ ಮೊದಲೇ ಬಾಯಿ ಹಾಕಿದರು. “ರಜಕ್ಕೆ ಬಂದಿದಾರೆ ಕಣ್ರೀ. ಮುಂದಿನ ತಿಂಗಳು ಹೊರಡ್ತಾರೆ.”

ನಾನು ಅಡುಗೆಮನೆಯಲ್ಲಿ ಅವರನ್ನು ಹಿಡಿದೆ. “ಅತ್ತೆ, ಹೀಗೆ ಹೇಳಿದ್ರೆ ಮುಂದಿನ ತಿಂಗಳು ಏನು ಹೇಳ್ತೀರಿ?”

“ಆಗ್ಲೂ ಮುಂದಿನ ತಿಂಗಳು ಅಂತೀನಿ. ಹುಳಿ ನೋಡೇ, ತಳ ಹಿಡೀತಿದೆ.”

ನಮ್ಮನೆಯವರಿಗೆ ಹೇಳಿದರೆ, “ಹೇಳ್ಕೊಳ್ಲಿ ಬಿಡು ಮಾರಾಯ್ತಿ, ಅಮ್ಮಂಗೆ ಇರೋದು ಅದೊಂದೇ” ಎಂದು ಪೇಪರಿನ ಹಿಂದೆ ಸರಿದರು. ಅದೂ ನಿಜವೇ. ಆ ಬೀದಿಯಲ್ಲಿ ಆಗ ಮನೆಗೊಬ್ಬ ಗಂಡಸು ಕಬ್ಬಿಣದ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಜಗಲಿಯ ಮೇಲೆ ಕೂತಿದ್ದ. ತನ್ನ ಮಗನೊಬ್ಬ ಹಾಗೆ ಕೂರಲಿಲ್ಲ ಎನ್ನುವುದೇ ಅತ್ತೆಯ ಬದುಕಿನ ದೊಡ್ಡ ಹೆಮ್ಮೆಯಾಗಿತ್ತು. ಅದನ್ನು ಅವರ ಬಾಯಿಂದ ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ನನಗೂ ಮೆಲ್ಬರ್ನ್‌ನ ಹುಚ್ಚು ಬಿಟ್ಟಿರಲಿಲ್ಲ. ಭದ್ರಾವತಿಯ ಶಾಲೆಯಲ್ಲಿ ನನ್ನನ್ನು ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಬರೀ ಬಾಯಿ ಆಡಿಸು ಸಾಕು ಎಂದಿದ್ದರು. ಅಂಥವಳು ಅಲ್ಲಿ ಗುರುವಾರ ಸಂಜೆ ಒಂದು ಹಳೆಯ ಹಾಲ್‌ನಲ್ಲಿ ಹೆಂಗಸರ ಗುಂಪಿನ ಜೊತೆ ಗಂಟಲು ಬಿಚ್ಚಿ ಹಾಡಿದೆ. ಶ್ರುತಿ ತಪ್ಪಿದರೆ ಹಾಡಿಸುವ ಮುದುಕಿ, ತಪ್ಪುವುದಾದರೆ ಜೋರಾಗಿಯೇ ತಪ್ಪಿ, ಆಗ ಸರಿಪಡಿಸಬಹುದು ಎನ್ನುತ್ತಿದ್ದಳು. ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ತಾತ ಹಿತ್ತಲಿನಲ್ಲಿ ರೇಡಿಯೊ ಹಾಕಿಕೊಂಡು ಅವರ ಕಡೆಯ ಫುಟ್‌ಬಾಲ್ ಕೇಳುತ್ತಾ, ತನ್ನ ತಂಡ ಸೋತರೆ ಗುಲಾಬಿ ಗಿಡಕ್ಕೆ ಬೈಯುತ್ತಿದ್ದ. ಜನ ಬರಿಗಾಲಲ್ಲಿ ಹಾಲಿನಂಗಡಿಗೆ ಹೋಗುತ್ತಿದ್ದರು. ನೀವು ಯಾರ ಕಡೆಯವರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಅಲ್ಲಿದ್ದಾಗ ಅಳುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಕೇಳುತ್ತಾರಲ್ಲಾ ಎಂದು ಅಳತೊಡಗಿದೆ. ನನ್ನ ಹಣೆಬರಹ.

ಮಗಳ ಪ್ರಪಂಚ ಇದ್ದದ್ದು ಈಜುಕೊಳದಲ್ಲಿ. ದೊಡ್ಡ ಕೊಳದ ಗುಂಪಿಗೆ ಅವಳನ್ನು ಆಗಷ್ಟೇ ಸೇರಿಸಿಕೊಂಡಿದ್ದರು, ಹೊರಟು ಬಂದೆವು. ಇಲ್ಲಿ ಭದ್ರೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಕಾಲು ಅದ್ದಿಸಿದರೆ, ಸುತ್ತ ನೋಡಿ, ಲೇನ್ ಎಲ್ಲಿ ಎಂದು ಕೇಳಿದಳು. ಡಿಸೆಂಬರಿನಲ್ಲಿ ಬೆಳಗಿನ ಜಾವ ಮೆಲ್ಬರ್ನ್‌ನ ಕ್ರಿಕೆಟ್ ಟಿವಿಯಲ್ಲಿ ಬರುತ್ತಿತ್ತು. ನಮ್ಮನೆಯವರು ಸ್ಕೋರು ನೋಡುತ್ತಿದ್ದರು, ನಾನು ಮೈದಾನದ ಮೇಲಿನ ಬಿಸಿಲು ನೋಡುತ್ತಿದ್ದೆ. ಮಗಳು ಹುಲ್ಲಿನ ಮೇಲೆ ಇಳಿದಿದ್ದ ಕಡಲಹಕ್ಕಿಗಳನ್ನು ತೋರಿಸಿ, ಅವು ನಮ್ಮವು ಎಂದಳು. ಮೂವರೂ ಕಾಫಿ ಆರುವವರೆಗೆ ಹಾಗೇ ಕೂತಿದ್ದೆವು.

ನಡುವರ್ಷದಲ್ಲಿ ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಬೀದಿಯ ಮಕ್ಕಳ ಜೊತೆ ಆಡುತ್ತಾ ಆಡುತ್ತಾ ಕನ್ನಡ ಕಲಿತಳು, ನಡುನಡುವೆ ತಮಿಳೂ ಸೇರಿತು. ನಾನು ಹಿಗ್ಗಿದೆ. ಕನ್ನಡ ಬಂದರೆ ಅಜ್ಜಿಯ ಮಾತೂ ತಿಳಿಯುತ್ತದೆ ಎನ್ನುವುದು ನನ್ನ ದಡ್ಡತಲೆಗೆ ಹೊಳೆಯಲಿಲ್ಲ. ಯಾರಾದರೂ ಬಂದು ಹೋದ ಮೇಲೆ ಅವಳು ಈಜಿನ ಕನ್ನಡಕ ತೊಳೆದು ಒಣಗಿಸಿ ಚೀಲಕ್ಕೆ ಹಾಕಿಡುತ್ತಿದ್ದಳು. ನಾವು ಹೋಗುವುದಿಲ್ಲ ಎಂದು ಹೇಳಿಬಿಡೋಣ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಕೊನೆಗೆ ಬರೀ ಜಡೆ ಹಾಕಿ ಎಬ್ಬಿಸುತ್ತಿದ್ದೆ.

ಬೇಸಿಗೆಯಲ್ಲಿ ನಮ್ಮನೆಯವರಿಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಆಲ್ಕೊಳದಲ್ಲಿ ಬಾಡಿಗೆ ಮನೆ ಹಿಡಿದೆವು, ಶಾಲೆಯೂ ಗೊತ್ತಾಯಿತು. ಸಮವಸ್ತ್ರದ ಅಳತೆ ಕೊಡಿಸಲು ಅವಳನ್ನು ಕೋಟೆಯ ಕಡೆ ಒಬ್ಬ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಅವಳು ಖುಷಿಯಾಗಿ ಸ್ಟೂಲು ಹತ್ತಿ ನಿಂತಳು.

“ಒಂದೇ ಜೊತೆ ಸಾಕು ಅಂಕಲ್. ಮುಂದಿನ ತಿಂಗಳು ನಾವು ಹೋಗ್ತೀವಿ.”

ಟೈಲರ್ ನಕ್ಕು ಟೇಪು ಹಿಡಿದ. ಆಮೇಲೆ ನನ್ನ ಕಡೆ ತಿರುಗಿ, ಎಲ್ಲ ತಾಯಂದಿರನ್ನೂ ಕೇಳುವ ಮಾತನ್ನೇ ಕೇಳಿದ. “ಬೆಳೆಯೋ ಮಗು ಅಕ್ಕ. ಎರಡು ವರ್ಷಕ್ಕೆ ಬರೋ ಹಾಗೆ ಅಂಚಲ್ಲಿ ಬಟ್ಟೆ ಮಡಿಸಿ ಬಿಡ್ಲಾ? ಬರೋ ವರ್ಷ ಬಿಚ್ಕೊಂಡ್ರಾಯ್ತು.”

ಮಗಳು ನನ್ನ ಮುಖ ನೋಡಿದಳು. ಬೇಡ ಎನ್ನಬಹುದಿತ್ತು, ಇನ್ನೊಂದು ತಿಂಗಳು ತಳ್ಳಬಹುದಿತ್ತು. ನನಗೆ ಸಾಕಾಗಿತ್ತು.

“ಬಿಡಿ” ಎಂದೆ. “ಮೂರು ಜೊತೆ ಹೊಲೀರಿ.”

ಅವಳು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ನಾನೂ ಅಳುತ್ತಿದ್ದೆ. ಟೈಲರ್ ಹೇಳಿದ ಹಾಗೆ ಕೈ ಎತ್ತಿದಳು, ಇಳಿಸಿದಳು, ತಿರುಗಿ ನಿಂತಳು. ಬಸ್‌ಸ್ಟಾಪಿಗೆ ಬಂದ ಮೇಲೆ ಕೇಳಿದಳು.

“ನಾವು ಹೋಗಲ್ವಾ ಅಮ್ಮ?”

“ಇಲ್ಲ ಕಂದ.”

“ಯಾವತ್ತೂ?”

“ಗೊತ್ತಿಲ್ಲ. ನನ್ನ ಕೈಲಿ ಏನೂ ಇಲ್ಲ ಪುಟ್ಟಿ.”

ಎರಡು ಬಸ್ಸು ಬಂದು ಹೋದವು. ಹತ್ತುವುದೇ ಮರೆತಿತ್ತು ನನಗೆ. ಅವಳು ನನ್ನ ಸೆರಗು ಎಳೆದು, ಮೆಲ್ಲಗೆ, “ಅಜ್ಜಿಗೆ ಹೇಳ್ಬೇಡ ಅಮ್ಮ. ಪಾಪ, ಹೋಗ್ತೀವಿ ಅಂದ್ಕೊಂಡಿದಾರೆ” ಎಂದಳು.

ಮುಂದಿನ ಭಾನುವಾರ ಭದ್ರಾವತಿಗೆ ಹೋದಾಗ ಹಿಂದಿನ ಬೀದಿಯ ಹೆಂಗಸೊಬ್ಬರು ಸಿಕ್ಕಿದರು. ಯಾವಾಗ ಬಂದ್ರಿ, ಯಾವಾಗ ಹೊರಡೋದು. ಅತ್ತೆ ತಮ್ಮ ಮಾತು ಹೇಳಿದರು. ಆ ಹೆಂಗಸು ಮಗಳ ಗಲ್ಲ ಹಿಡಿದು, “ಹೌದೇನೇ ಪುಟ್ಟಿ?” ಎಂದರು.

ಮಗಳು ಅಜ್ಜಿಯ ಕೈ ಹಿಡಿದುಕೊಂಡು, “ಹೂಂ, ಮುಂದಿನ ತಿಂಗಳು” ಎಂದಳು.