ಇಡೀ ಜಿಂಕೆ ಕಾಣುವ ದುರ್ಬೀನು

ಬಂದೂಕಿನ ಮೇಲಿನ ದುರ್ಬೀನು ಜಿಂಕೆಯ ಒಂದೊಂದು ರೋಮವನ್ನೂ ನಿಮಗೆ ಸ್ಪಷ್ಟವಾಗಿ ತೋರಿಸಿ, ಆ ರೋಮ ಎದೆಯದೋ ತೊಡೆಯದೋ ಎಂಬುದನ್ನು ಮಾತ್ರ ಹೇಳದೆ ಉಳಿದರೆ, ನೀವು ಗುಂಡು ಹಾರಿಸುತ್ತೀರಾ? ಬೇಟೆಯನ್ನು ಸಮರ್ಥಿಸುವವರಿಗೂ ವಿರೋಧಿಸುವವರಿಗೂ ನಾನು ಈ ಪ್ರಶ್ನೆ ಹಾಕಿದ್ದೇನೆ. ಇಬ್ಬರೂ ತಮ್ಮ ಸಿದ್ಧ ಉತ್ತರವನ್ನು ಬದಿಗಿಡುತ್ತಾರೆ. ಇಂಥ ಪ್ರಶ್ನೆಯೊಂದು ಇದೆಯೆಂದು ನನಗೆ ತೋರಿಸಿಕೊಟ್ಟವಳು ನನ್ನ ಗೆಳತಿ.

ಅವಳು ಧಾರವಾಡದ ಕಡೆಯವಳು. ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಾವಿಬ್ಬರೂ ಜೋಡಿ. ಈಗ ಅವಳು ಪಸಡೀನಾದಲ್ಲಿ ಬಾಹ್ಯಾಕಾಶ ಉಪಕರಣಗಳಿಗೆ ಮಸೂರಗಳನ್ನು ವಿನ್ಯಾಸಗೊಳಿಸುತ್ತಾಳೆ. ನಾನು ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿದ್ದು, ನೌಕರಿಯ ಬಿಡುವಿನಲ್ಲಿ ಕೋಳಿಗಳ ಪಂಜರದಿಂದ ಹಿಡಿದು ಕಡಲತೀರದ ಪ್ಲಾಸ್ಟಿಕ್‌ವರೆಗೆ ನಾನಾ ವಿಷಯಗಳಿಗೆ ಸಹಿ ಸಂಗ್ರಹಿಸುತ್ತೇನೆ. ನಾನು ಮಾಂಸ ತಿನ್ನುವುದಿಲ್ಲ. ಆದ್ದರಿಂದ, ಕೊರೋನಾ ಸೋಂಕಿನ ವರ್ಷಗಳು ಕಳೆದ ಮೇಲೆ ಅವಳು ಒಂದು ದಿನ ಫೋನಿನಲ್ಲಿ, ತನಗೆ ಜಿಂಕೆ ಬೇಟೆಯ ಪರವಾನಗಿ ಸಿಕ್ಕಿದೆಯೆಂದು ಹೇಳಿದಾಗ, ನನ್ನ ವಾದ ನಾಲಿಗೆಯ ತುದಿಯಲ್ಲೇ ಇತ್ತು.

"ಲೇ, ನೀ ಏನ್ ಅಂತಿ ನನಗ ಗೊತ್ತೈತಿ," ಎಂದಳು ಅವಳು. "ಅಂಗಡ್ಯಾಗ ಪ್ಲಾಸ್ಟಿಕ್ ಸುತ್ತಿದ ಮಾಂಸ ತಗೊಂಡು ತಿಂತೀನಿ. ಅದನ್ನ ಯಾರೋ ಕಾಣದವರು ಕೊಂದಿರ್ತಾರ. ಒಮ್ಮ್ಯಾದ್ರೂ ಆ ಭಾರ ನನ್ನ ಕೈಮ್ಯಾಲ ಇರ್ಲಿ. ಆದ್ರ ಗಾಯ ಮಾಡಿ ಬಿಡಾಕಿ ಅಲ್ಲ ನಾ. ಅಷ್ಟು ಖಾತ್ರಿ ಆಗದಿದ್ರ ಪರ್ಮಿಟ್ ಹರದು ಹಾಕ್ತೀನಿ."

ಈ ಕೊನೆಯ ಮಾತಿಗೆ ಕಾರಣವಿತ್ತು. ಹಿಂದಿನ ವರ್ಷ ಅವಳು, ನನ್ನ ನೆರೆಯ ಬೀದಿಯಲ್ಲೇ ಇರುವ, ಬಯೋಟೆಕ್ ಕಂಪನಿಯಿಂದ ನಿವೃತ್ತರಾದ ಕೊಡಗಿನ ಅಂಕಲ್ ಒಬ್ಬರ ಜೊತೆ ಬೇಟೆ ನೋಡಲೆಂದು ಬೆಟ್ಟಕ್ಕೆ ಹೋಗಿದ್ದಳು. ಅಂಕಲ್ ನುರಿತ ಬೇಟೆಗಾರರು. ಆದರೂ ಅಂದು ಅವರ ಗುಂಡು ತಗುಲಿದ ಜಿಂಕೆ ಪೊದೆಗಳೊಳಗೆ ನುಗ್ಗಿ ಮರೆಯಾಯಿತು. ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಮರುದಿನವೂ ಹೋಗಿ ಹುಡುಕಿದರು. ಆಮೇಲೆ ಅಂಕಲ್ ಬಂದೂಕು ಮುಟ್ಟಲಿಲ್ಲ. "ಅದು ಇನ್ನೂ ಎಲ್ಲೋ ಓಡ್ತಾನೇ ಇದೆ ಅನ್ಸುತ್ತೆ," ಎಂದು ಒಮ್ಮೆ ನನ್ನೆದುರು ಅಂದಿದ್ದರು.

ಹೀಗಾಗಿ ನನ್ನ ಗೆಳತಿಗೆ ಸ್ಕೋಪಿನ, ಅಂದರೆ ಬಂದೂಕಿನ ದುರ್ಬೀನಿನ, ಆಯ್ಕೆಯೆಂದರೆ ಬಂದೂಕಿಗೆ ಒಂದು ಒಡವೆ ತೊಡಿಸುವ ಕೆಲಸವಾಗಿರಲಿಲ್ಲ. ಇನ್ನೊಂದು ಜಿಂಕೆ ನರಳುತ್ತ ಓಡಬಾರದೆಂಬ ಒಂದೇ ಗುರಿ ಅವಳ ಮುಂದಿತ್ತು. ತನ್ನ ವೃತ್ತಿಯವರು ಮಾಡುವಂತೆಯೇ ಅವಳು ಆ ಕೆಲಸಕ್ಕೆ ಕೈಹಾಕಿದಳು. ಪಸಡೀನಾದ ಮನೆಯ ಬಾಲ್ಕನಿಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬರೀ ಸ್ಕೋಪುಗಳನ್ನು ಒಂದೊಂದಾಗಿ ಕೂರಿಸಿ, ಉತ್ತರದ ಪರ್ವತದ ತುದಿಯಲ್ಲಿರುವ ಟಿವಿ ಗೋಪುರಗಳತ್ತ ತಿರುಗಿಸಿದಳು. ನಾಲ್ಕರಿಂದ ಹದಿನಾರು ಪಟ್ಟು ಹಿಗ್ಗಿಸುವ, ಬೋಗುಣಿಯಷ್ಟು ಅಗಲದ ಮುಂಗಾಜಿನ ಒಂದು ಸ್ಕೋಪು ಉಳಿದೆಲ್ಲವನ್ನೂ ಸೋಲಿಸಿತು.

"ಗೋಪುರದ ತಂತಿ ಸುದ್ದಾ ಕಾಣತೈತಿ ಲೇ! ಇದನ್ನ ಬಿಟ್ಟು ಬ್ಯಾರೇದು ಯಾಕ ಬೇಕು?" ಎಂದು ಅದನ್ನು ಹೊತ್ತುಕೊಂಡೇ ಶನಿವಾರ ನನ್ನ ಮನೆಗೆ ಡ್ರೈವ್ ಮಾಡಿಕೊಂಡು ಬಂದಳು.

ನಮ್ಮ ಜೋಡಿಗೊಂದು ಹಳೆಯ ಪದ್ಧತಿಯಿದೆ. ಏನನ್ನಾದರೂ ನಿರ್ಧರಿಸಬೇಕಾದಾಗ ಇಬ್ಬರೂ ಎದುರುಬದುರು ವಾದಿಸುತ್ತೇವೆ. ಅರ್ಧ ದಾರಿಯಲ್ಲಿ ಗಂಟೆ ಬಾರಿಸಿದೊಡನೆ ಪಕ್ಷ ಬದಲಿಸಬೇಕು, ಹಾಗೂ ಹೊಸ ಪಕ್ಷವನ್ನು ಅಷ್ಟೇ ನಿಷ್ಠೆಯಿಂದ ಸಮರ್ಥಿಸಬೇಕು. ಕಾಲೇಜಿನಲ್ಲಿ ಇದು ತಾಲೀಮಾಗಿತ್ತು. ಈಗ ಅಡುಗೆಮನೆಯಲ್ಲಿ ಗಂಟೆಯ ಕೆಲಸವನ್ನು ಕುಕ್ಕರಿನ ಮೂರನೆಯ ಸೀಟಿ ಮಾಡುತ್ತದೆ. ಅಂದು ಅಂಕಲ್ ತೀರ್ಪುಗಾರರಾಗಿ ಬಂದು ಕೂತರು.

"ಏನಮ್ಮಾ ಚಾಂಪಿಯನ್ನು," ಎಂದು ನನ್ನನ್ನೇ ಕೆಣಕಿದರು. "ನೀನು ಬೇಟೆಗೇ ವಿರೋಧಿ. ಸ್ಕೋಪ್ ಬಗ್ಗೆ ಏನು ಮಾತಾಡ್ತೀಯಾ? ಕೊನೇಲಿ ಜಿಂಕೆಗೂ ರಿಪ್ಲೈ ಮಾಡೋಕೆ ಎರಡು ನಿಮಿಷ ಕೊಡ್ತೀಯೇನು?"

"ಕೊಡೋದಾದ್ರೆ ಅದೇ ಗೆಲ್ಲುತ್ತೆ ಅಂಕಲ್," ಎಂದೆ.

ಮೊದಲರ್ಧದಲ್ಲಿ ಅವಳು ದೊಡ್ಡ ಸ್ಕೋಪಿನ ಪರ. ಗಾಜಿನ ಗುಣ, ಸ್ಪಷ್ಟತೆ, ಬೆಳಕು ಎಂದು ಅವಳು ಅಲೆ ಅಲೆಯಾಗಿ ಬಂದಳು. ತೂಕ ಜಾಸ್ತಿ ಎಂಬ ಒಂದೇ ಹುಲ್ಲುಕಡ್ಡಿಯನ್ನು ಹಿಡಿದು ನಾನು ತೇಲುತ್ತಿದ್ದೆ. ಮೂರನೆಯ ಸೀಟಿ ಕೂಗಿತು. ಈಗ ಅವಳು ತನ್ನದೇ ಸ್ಕೋಪಿನ ವಿರುದ್ಧ ಮಾತಾಡಬೇಕಿತ್ತು. ಎದ್ದು ನಿಂತು ಸ್ಕೋಪನ್ನು ಕೈಗೆತ್ತಿಕೊಂಡಳು.

"ನಾ ಟೆಸ್ಟ್ ಮಾಡಿದ್ದು ಗುಡ್ಡಾನ," ಎಂದಳು ನಿಧಾನವಾಗಿ. "ಜಿಂಕಿ ಗುಡ್ಡದಷ್ಟು ದೂರ ನಿಂದರೂದಿಲ್ಲ. ಅಂಕಲ್, ಆ ಕಾಡಿನ್ಯಾಗ ಎಷ್ಟು ದೂರದಾಗ ಕಂಡಿತ್ತು?"

"ನಿಮ್ಮ ಈ ಪಾರ್ಕಿಂಗ್ ಲಾಟ್‌ನ ಆ ತುದಿ ಇದ್ಯಲ್ಲ, ಅಷ್ಟು," ಎಂದರು ಅಂಕಲ್. ಅವರ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

ನಿಯಮದ ಪ್ರಕಾರ ಆಗ ದೊಡ್ಡ ಸ್ಕೋಪಿನ ಪರ ನಿಲ್ಲಬೇಕಾದವಳು ನಾನು. ಆದರೆ ನನ್ನ ಕಕ್ಷಿದಾರನೇ ಕೋರ್ಟಿನಿಂದ ಎದ್ದು ಹೋದಂತಾಗಿತ್ತು. ಅನ್ನ ಕುಕ್ಕರಿನಲ್ಲೇ ಉಳಿಯಿತು. ನಾವು ಮೂವರೂ ಕೆಳಗಿಳಿದೆವು. ಬಂದೂಕು ಪಸಡೀನಾದ ಅವಳ ಮನೆಯ ಕಪಾಟಿನಲ್ಲಿ ಬೀಗದೊಳಗಿತ್ತು. ನಮ್ಮ ಬಳಿಯಿದ್ದುದು ಸ್ಕೋಪು ಮತ್ತು ಸ್ಟ್ಯಾಂಡು ಮಾತ್ರ. ಪಾರ್ಕಿಂಗ್ ಲಾಟಿನ ಆಚೆ ತುದಿಯ ಕಣಗಿಲೆ ಸಾಲಿನಲ್ಲಿ ಅಂಕಲ್ ನನ್ನ ಕಂದು ಬಣ್ಣದ ಸ್ನಾನದ ಟವೆಲ್ಲನ್ನು ಅರ್ಧ ಮರೆಯಾಗುವಂತೆ ತೂಗುಹಾಕಿದರು. ಗೆಳತಿ ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಸ್ಕೋಪಿನಲ್ಲಿ ಹುಡುಕತೊಡಗಿದಳು.

"ಎಲಿ... ಎಲಿ... ಕಾರಿನ ಕನ್ನಡಿ... ಮತ್ತ ಎಲಿ. ಹಾಂ, ಸಿಕ್ತು! ಬರೇ ಕಂದು. ಮ್ಯಾಲಿಂದೋ ಕೆಳಗಿಂದೋ ತಿಳೀವಲ್ದು."

"ಬೇಟೆಗಾರರು ಅದಕ್ಕೆ ಕಾರ್ಪೆಟ್ ಷೋರೂಮ್ ಅಂತಾರೆ, ಎತ್ತ ನೋಡಿದ್ರೂ ಬರೀ ಕೂದಲು," ಎಂದರು ಅಂಕಲ್.

ಆ ಸ್ಕೋಪನ್ನು ನಾಲ್ಕು ಪಟ್ಟಿಗೆ ಇಳಿಸಬಹುದಲ್ಲ, ಆಗ ಸಮಸ್ಯೆಯೇ ಇಲ್ಲವಲ್ಲ ಎಂದು ನಾನು ಕೇಳಿದೆ. ವಾದಕ್ಕಾಗಿ ಕೇಳಿದ್ದೇನೋ ಹೌದು, ಆದರೆ ಪ್ರಶ್ನೆ ನ್ಯಾಯವಾದದ್ದೇ. ಅಂಕಲ್ ಟವೆಲ್ ತಂದು ಮಡಚುತ್ತ ಉತ್ತರಿಸಿದರು: "ನಾನೂ ಹಾಗೇ ಅಂದ್ಕೊಂಡಿದ್ದೆ. ಆವತ್ತು ಎದುರು ಬೆಟ್ಟ ನೋಡೋಕೆ ಅಂತ ಫುಲ್ ತಿರುಗಿಸಿದ್ದೆ. ಪಕ್ಕದಲ್ಲೇ ಜಿಂಕೆ ಎದ್ದಾಗ ವಾಪಸ್ ತಿರುಗಿಸೋದು ನೆನಪಿಗೆ ಬರಲಿಲ್ಲ. ಕಂದು ಕಾಣ್ತು. ಭುಜ ಅಂದ್ಕೊಂಡೆ."

ಗೆಳತಿ ಅವರನ್ನು ಸಮಾಧಾನಪಡಿಸಲು ಹೋಗಲಿಲ್ಲ. ಪಟ್ಟು ಬದಲಿಸುವ ಸ್ಕೋಪಿನ ಬಳೆಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಅವಳು ಹೇಳಿದ ಮಾತು, ನಾನು ಈವರೆಗೆ ಕೇಳಿದ ಅತ್ಯುತ್ತಮ ವಾದಗಳಲ್ಲೊಂದು. "ಹಂಗಾದ್ರ ನೆನಪಿನ ಮ್ಯಾಲ ನಂಬಿಕಿ ಇಡೂದ ಬ್ಯಾಡ. ಮರೆತ್ರೂ ಇಡೀ ಜಿಂಕಿ ಕಾಣಬೇಕು, ಅಂಥಾದ್ದು ಹುಡುಕೂಣು."

ಸುಧಾರಕರಾದ ನಾವು ಮನುಷ್ಯರು ಇನ್ನಷ್ಟು ಎಚ್ಚರದಿಂದಿರಲಿ ಎಂದು ಉಪದೇಶಿಸುತ್ತೇವೆ. ಅವಳಾದರೋ ಮನುಷ್ಯ ಎಚ್ಚರ ತಪ್ಪುತ್ತಾನೆಂಬುದನ್ನು ಅವಮಾನವೆಂದು ಭಾವಿಸದೆ, ಅದನ್ನೇ ಲೆಕ್ಕದ ಮೊದಲ ಅಂಶವನ್ನಾಗಿ ಇಟ್ಟುಕೊಂಡಳು. ನನ್ನ ಮೆಚ್ಚುಗೆ ಅಂದು ಆ ಪಾರ್ಕಿಂಗ್ ಲಾಟಿನಲ್ಲಿ ಹುಟ್ಟಿ ಇಂದಿಗೂ ಕಡಿಮೆಯಾಗಿಲ್ಲ.

ಮುಂದಿನ ವಾರಗಳಲ್ಲಿ ಅವಳು ಆರಿಸಿದ್ದು ಎರಡರಿಂದ ಏಳು ಪಟ್ಟಿನ, ಸಣ್ಣ ಮುಂಗಾಜಿನ, ಹಗುರಾದ ಸ್ಕೋಪನ್ನು. ಅದನ್ನು ಏಳಕ್ಕೆ ತಿರುಗಿಸಿ ಮರೆತರೂ ಅಷ್ಟು ಹತ್ತಿರದಲ್ಲಿ ಜಿಂಕೆ ಮೂತಿಯಿಂದ ಬಾಲದವರೆಗೆ ಕಾಣುತ್ತದೆ. ಸಣ್ಣ ಗಾಜು ಮುಸ್ಸಂಜೆಯಲ್ಲಿ ಮಂಕಾಗದೇ ಎಂದು ನಾನು ಕೇಳಿದಾಗ ನಕ್ಕಳು. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಮೂವತ್ತೆರಡು ಮಿಲಿಮೀಟರಿನ ಗಾಜನ್ನು ನಾಲ್ಕು ಪಟ್ಟಿನಲ್ಲಿಟ್ಟರೆ ಎಂಟು, ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆಗೂ ಅದಕ್ಕಿಂತ ಹೆಚ್ಚು ಬೇಕಿಲ್ಲ ಎಂದು ವಿವರಿಸಿದಳು. ಪೊದೆಯ ಕಡ್ಡಿಗಳ ನಡುವೆ ಕಳೆದುಹೋಗದಂತೆ ದಪ್ಪನೆಯ ಅಡ್ಡಗೆರೆಗಳಿರುವುದನ್ನೇ ಆರಿಸಿದಳು. ಗುಂಡು ಹಾರಿದಾಗ ಹಿಂದೊದೆಯುವ ಬಂದೂಕಿನಿಂದ ಹುಬ್ಬು ಒಡೆಯದಷ್ಟು ದೂರದಲ್ಲಿ ಕಣ್ಣಿಟ್ಟರೂ ಚಿತ್ರ ಪೂರ್ತಿ ಕಾಣುತ್ತದೆಯೇ ಎಂದು ಅಂಗಡಿಯಲ್ಲಿ ಮತ್ತೆ ಮತ್ತೆ ನೋಡಿದಳು. ಕಾಗದದ ಗುರಿಗಳ ಮೇಲೆ ಅಭ್ಯಾಸ ಮಾಡುತ್ತ, ತನ್ನ ಗುಂಡುಗಳು ಒಂದು ಅಂಗೈಯಷ್ಟು ಜಾಗದೊಳಗೆ ಬೀಳದಷ್ಟು ದೂರಕ್ಕೆ ಎಂದೂ ಹೊಡೆಯುವುದಿಲ್ಲವೆಂದು ತನಗೆ ತಾನೇ ಗಡಿ ಹಾಕಿಕೊಂಡಳು.

ಶರತ್ಕಾಲದಲ್ಲಿ ಸ್ಯಾನ್ ಡಿಯೇಗೋದ ಪೂರ್ವದ ಬೆಟ್ಟಗಳಿಗೆ ನಾನೂ ಹೋದೆ. ವಿರೋಧಿಸುವವಳು ತಾನು ವಿರೋಧಿಸುವುದನ್ನು ಕಣ್ಣಾರೆ ನೋಡಿರಬೇಕೆಂಬುದು ನನ್ನ ನಂಬಿಕೆ. ಅಂಕಲ್ ಬಂದೂಕಿಲ್ಲದೆ ಬಂದರು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಓಕ್ ಮರವೊಂದರ ಕೆಳಗೆ, ಸೊಂಟದೆತ್ತರದ ಕುರುಚಲಿನ ಅಂಚಿನಲ್ಲಿ ಕೂತೆವು. ಬಿಸಿಲು ಇಳಿಜಾರನ್ನು ಮುಟ್ಟುವ ಹೊತ್ತಿಗೆ ಕವಲುಕೊಂಬಿನ ಗಂಡು ಜಿಂಕೆಯೊಂದು ಸದ್ದಿಲ್ಲದೆ ಪೊದೆಯಿಂದ ಹೊರಬಂತು. ದೂರ ಹೆಚ್ಚೇನೂ ಇರಲಿಲ್ಲ. ಅದರ ಕಿವಿ ತಿರುಗುವುದು ನನಗೆ ಬರಿಗಣ್ಣಿಗೇ ಕಾಣುತ್ತಿತ್ತು.

ಗೆಳತಿ ಬಂದೂಕನ್ನು ಮಂಡಿಯ ಮೇಲೆ ಊರಿ ಕಣ್ಣಿಟ್ಟಳು. ಗುಂಡು ಹಾರಲಿಲ್ಲ. ಅಂಕಲ್ ತುಟಿ ಕಚ್ಚಿಕೊಂಡರು.

"ಹಿಂದ ಇನ್ನೊಂದೈತಿ," ಎಂದು ಅವಳು ಉಸಿರಿನಲ್ಲೇ ಹೇಳಿದಳು.

ನಮ್ಮಿಬ್ಬರಿಗೂ ಕಂಡಿರಲಿಲ್ಲ. ಅವಳ ಅಗಲವಾದ ನೋಟದ ಅಂಚಿನಲ್ಲಿ, ಕೊಂಬೆಗಳ ಹಿಂದೆ, ಹೆಣ್ಣು ಜಿಂಕೆಯ ತಲೆಯೊಂದು ಕಂಡಿತ್ತು. ಒಂದರ ಮೈ ದಾಟಿದ ಗುಂಡು ಇನ್ನೊಂದಕ್ಕೆ ತಗಲುವುದು ಖಂಡಿತವಾಗಿತ್ತು. ಅವಳು ಕಾದಳು. ಗಂಡು ಎರಡು ಹೆಜ್ಜೆ ಇಟ್ಟು ಮೇಯತೊಡಗಿತು. ಮತ್ತೆರಡು ಹೆಜ್ಜೆ ಇಟ್ಟಿತು. ಅದರ ಹಿಂದೆ ಈಗ ಬರೀ ಮಣ್ಣಿನ ದಿಬ್ಬವಿತ್ತು. ಆಗ ಗುಂಡು ಹಾರಿತು. ಜಿಂಕೆ ಒಮ್ಮೆ ನೆಗೆದು, ಸ್ವಲ್ಪ ದೂರ ಓಡಿ, ನಮ್ಮ ಕಣ್ಣೆದುರಿಗೇ ಮಡಿಚಿಕೊಂಡು ಬಿದ್ದಿತು. ಮತ್ತೆ ಏಳಲಿಲ್ಲ.

ಸಾಕಷ್ಟು ಹೊತ್ತು ಕಾದು ಹತ್ತಿರ ಹೋದೆವು. ಗಾಯ ಭುಜದ ಹಿಂದೆ, ಇರಬೇಕಾದಲ್ಲೇ ಇತ್ತು. ಅವಳು ಅದರ ಕತ್ತಿನ ಮೇಲೆ ಕೈಯಿಟ್ಟು ಕುಳಿತಳು. ಕಣ್ಣಲ್ಲಿ ನೀರಿತ್ತು.

"ಎಲ್ಲಿಗೂ ಓಡಿಹೋಗಲಿಲ್ಲಲ್ಲ, ಅಂಕಲ್," ಎಂದಳು.

"ಇಲ್ಲಮ್ಮ," ಎಂದರು ಅವರು, ಟೋಪಿ ತೆಗೆದು. "ಇಲ್ಲೇ ಇದೆ."

ನಾನು ಇಂದಿಗೂ ಮಾಂಸ ತಿನ್ನುವುದಿಲ್ಲ. ಬೇಟೆಯೇ ಇಲ್ಲದ ಲೋಕ ಒಳ್ಳೆಯದೆಂಬ ನನ್ನ ನಿಲುವೂ ಬದಲಾಗಿಲ್ಲ. ಆದರೆ ಆ ಲೋಕ ಬರುವವರೆಗೆ ಬಂದೂಕು ಹಿಡಿಯುವವರೆಲ್ಲ ಅವಳಂತೆ ಹಿಡಿಯಲಿ ಎಂದು ಬಯಸುತ್ತೇನೆ. ಬೇಟೆಗೆ ಹೋಗುವ ಓದುಗರಲ್ಲಿ ನನ್ನದೊಂದು ವಿನಂತಿ. ಸ್ಕೋಪನ್ನು ಕೊಳ್ಳುವ ಮುನ್ನ, ನಿಮ್ಮ ಕಾಡಿನಲ್ಲಿ ಜಿಂಕೆ ನಿಜವಾಗಿ ನಿಲ್ಲುವಷ್ಟು ದೂರದಲ್ಲಿ ಏನನ್ನಾದರೂ ಇಟ್ಟು, ಅತಿ ಹೆಚ್ಚಿನ ಪಟ್ಟಿನಲ್ಲಿ ಅದನ್ನು ನೋಡಿ. ಇಡಿಯಾಗಿ ಕಾಣದಿದ್ದರೆ, ದಯವಿಟ್ಟು ಆ ಸ್ಕೋಪನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.